ಅರ್ಧ ಮಾತ್ರೆ

ಆ ಬೀದಿಯಲ್ಲಿ ಅಣ್ಣನಿಗೆ ದೊಡ್ಡ ಕತ್ತರಿ, ತಮ್ಮನಿಗೆ ಚಿಕ್ಕ ಕತ್ತರಿ ಎಂದು ಹೆಸರು ಬಿದ್ದು ಎಷ್ಟು ಕಾಲವಾಯಿತೋ, ಇಟ್ಟವರಿಗೂ ನೆನಪಿಲ್ಲ. ಎರಡು ಕುರ್ಚಿಯ ಸೆಲೂನು. ಬಾಗಿಲ ಹತ್ತಿರದ ಕುರ್ಚಿ ತಮ್ಮನದು, ಒಳಗಿನದು ಅಣ್ಣನದು. ಅವಸರದವರು, ಹರಟೆ ಬೇಕಾದವರು ತಮ್ಮನ ಕುರ್ಚಿಗೆ; ಕೆನ್ನೆಯ ಮೇಲೆ ಗುಳ್ಳೆಯೋ ಗಾಯವೋ ಇದ್ದು ಕೈ ಹಗುರವಾಗಿರಬೇಕು ಅನ್ನುವವರು ಅಣ್ಣನ ಕುರ್ಚಿಗೆ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂಬ ಗಾದೆ ಕಟ್ಟಿದವನು ಈ ಇಬ್ಬರನ್ನು ನೋಡಿರಲಿಲ್ಲ. ಇವರು ಜಗಳವಾಡಿದ್ದನ್ನು ಯಾರೂ ಕಂಡಿಲ್ಲ. ಆಡುವ ಹೊತ್ತು ಬಂತು ಅನ್ನುವಷ್ಟರಲ್ಲಿ ತಮ್ಮ ಏನಾದರೊಂದು ತಮಾಷೆ ಮಾಡಿ ಅದನ್ನು ಅಲ್ಲಿಗೇ ಮುಗಿಸಿಬಿಡುತ್ತಿದ್ದ. ಅಷ್ಟೊಂದು ಹೊಂದಿಕೊಂಡಿದ್ದರಿಂದಲೇ ಕೆಟ್ಟರು ಎಂದು ಈಗ ಅನ್ನಿಸುತ್ತದೆ. ಒಂದಿಷ್ಟು ಜಗಳಗಂಟತನ ಇದ್ದಿದ್ದರೆ ಇಬ್ಬರಲ್ಲಿ ಒಬ್ಬನಾದರೂ ಉಳಿಯುತ್ತಿದ್ದ.

ಮೊದಲು ಕಾಣಿಸಿದ್ದು ದೊಡ್ಡವನ ಕಾಲಲ್ಲಿ. ಸಂಜೆ ಚಪ್ಪಲಿ ಬಿಚ್ಚಿದರೆ ಪಟ್ಟಿಯ ಗುರುತು ಪಾದದ ಮೇಲೆ ಹಳ್ಳ ಬಿದ್ದಿರುತ್ತಿತ್ತು. ದಿನವಿಡೀ ನಿಂತು ದುಡಿಯುವವನ ಕಾಲು ಊದದೆ ಇನ್ಯಾರ ಕಾಲು ಊದಬೇಕು ಅಂದುಕೊಂಡ. ಆಮೇಲೆ ಊಟ ಸೇರಲಿಲ್ಲ. ಊಟ ಬಿಟ್ಟವನ ಹೊಟ್ಟೆ ಒಳಗೆ ಹೋಗುವ ಬದಲು ಮುಂದೆ ಬಂತು. ಕನ್ನಡಿಯಲ್ಲಿ ಗಿರಾಕಿಯ ಮುಖ ನೋಡಿಯೇ ಅಭ್ಯಾಸವಾದ ಅವನಿಗೆ ತನ್ನ ಕಣ್ಣು ಹಳದಿಯಾದದ್ದು ಗೊತ್ತಾಗಲಿಲ್ಲ. ಹೆಂಡತಿಗೆ ಗೊತ್ತಾಯಿತು. ಅವಳು ಅಂಗಡಿಗೇ ಬಂದು, ಕುರ್ಚಿಯಲ್ಲಿ ಸೋಪು ಬಳಿಸಿಕೊಂಡು ಕೂತಿದ್ದ ಗಿರಾಕಿಯನ್ನು ಮೈದುನನಿಗೆ ಒಪ್ಪಿಸಿ, ಗಂಡನನ್ನು ದೊಡ್ಡಾಸ್ಪತ್ರೆಗೆ ಎಳೆದುಕೊಂಡು ಹೋದಳು.

ಡಾಕ್ಟರು ರಕ್ತ ತೆಗೆಸಿದರು, ಹೊಟ್ಟೆಯ ಮೇಲೆ ಯಂತ್ರ ಆಡಿಸಿದರು, ಕಡೆಗೆ ಎದುರು ಕೂರಿಸಿಕೊಂಡು ಹೇಳಿದರು. "ಹೆಪಟೈಟಿಸ್ ಸಿ ಅಂತ. ರಕ್ತದಿಂದ ರಕ್ತಕ್ಕೆ ಹರಡುತ್ತೆ. ವರ್ಷಗಟ್ಟಲೆ ಸದ್ದಿಲ್ಲದೆ ಒಳಗೆ ಕೂತಿರುತ್ತೆ. ನಿಮ್ಮ ಲಿವರ್ ಗಟ್ಟಿಯಾಗಿಬಿಟ್ಟಿದೆ."

"ಗಟ್ಟಿಯಾದ್ರೆ ಒಳ್ಳೇದಲ್ವಾ ಡಾಕ್ಟ್ರೇ?"

ಡಾಕ್ಟರು ನಗಲಿಲ್ಲ. ಇದು ತಮಾಷೆಗೆ ಕೇಳಿದ್ದಲ್ಲ ಎಂದು ಅವರಿಗೂ ಗೊತ್ತಾಗಿರಬೇಕು. ಯಾವಾಗಲಾದರೂ ರಕ್ತ ಹಾಕಿಸಿಕೊಂಡಿದ್ದೀರಾ ಎಂದು ಕೇಳಿದರು. ಹಾಕಿಸಿಕೊಂಡಿದ್ದ. ಮೀಸೆ ಮೂಡುವ ಮುಂಚೆ ಮಹಡಿಯಿಂದ ಬಿದ್ದು ತೊಡೆ ಮುರಿದಾಗ, ಯಾರ ರಕ್ತವೋ ಏನೋ, ಬಾಟಲಿಗಟ್ಟಲೆ ಮೈಗೆ ಇಳಿದಿತ್ತು. ಆಗ ಅದು ಜೀವ ಉಳಿಸಿತೆಂದು ತಾಯಿ ಕೈ ಮುಗಿದಿದ್ದಳು. ಮನೆಯವರೆಲ್ಲರನ್ನೂ ಪರೀಕ್ಷೆ ಮಾಡಿಸಿ ಎಂದರು ಡಾಕ್ಟರು. ಹೆಂಡತಿಗೆ ಇರಲಿಲ್ಲ. ತಮ್ಮನ ಹೆಂಡತಿಗೆ ಇರಲಿಲ್ಲ, ಇನ್ನೂ ಕತ್ತು ನಿಲ್ಲದ ಅವರ ಮಗಳಿಗೂ ಇರಲಿಲ್ಲ. ತಮ್ಮನಿಗೆ ಇತ್ತು.

ಅದು ಎಲ್ಲಿಂದ ಬಂತೆಂದು ಖಚಿತವಾಗಿ ಹೇಳಲಾಗದು, ಬ್ಲೇಡಿನ ಕಸುಬಿನವರಿಗೆ ನೂರು ದಾರಿ ಎಂದರು ಡಾಕ್ಟರು. ದೊಡ್ಡವನಿಗೆ ಮಾತ್ರ ಒಂದೇ ದಾರಿ ಕಾಣಿಸಿತು. ತೊಡೆ ಕೂಡಿದ ವರ್ಷವೇ ಇಬ್ಬರನ್ನೂ ಸೋದರಮಾವನ ಅಂಗಡಿಗೆ ಕಸುಬು ಕಲಿಯಲು ಬಿಟ್ಟಿದ್ದರು. ಮಾವನದು ಒಂದು ಪದ್ಧತಿ. ಗಿರಾಕಿಯ ಕೆನ್ನೆ ಮುಟ್ಟುವ ಮೊದಲು ಒಡಹುಟ್ಟಿದವನ ಕೆನ್ನೆಯಲ್ಲಿ ಕೈ ಪಳಗಬೇಕು. "ಅವನು ಬೈದ್ರೂ ಅಂಗಡಿ ಬಿಟ್ಟು ಹೋಗಲ್ಲ" ಎಂದು ನಗುತ್ತಿದ್ದ. ಹಳೇ ಕಾಲದ ಉದ್ದ ಕತ್ತಿ, ಇಬ್ಬರಿಗೂ ಒಂದೇ. ಅಣ್ಣ ತಮ್ಮನ ಗಲ್ಲ ಕೆರೆಯುತ್ತಿದ್ದ, ತಮ್ಮ ಅಣ್ಣನದು. ಗಡ್ಡ ಎಲ್ಲಿತ್ತು, ಬರೀ ಸೋಪಿನ ನೊರೆ ಮತ್ತು ಎಳೆ ಚರ್ಮ. ಕೊಯ್ದರೆ ಪಟಿಕದ ಕಲ್ಲು ಉಜ್ಜುವುದು, ಕತ್ತಿಯನ್ನು ಅದೇ ಬಟ್ಟೆಯಲ್ಲಿ ಒರೆಸುವುದು, ಸರದಿ ಬದಲಾಯಿಸುವುದು. ತಮ್ಮನಿಗೆ ಕಚಗುಳಿ ಜಾಸ್ತಿ. ಅಲುಗಾಡಿ ಅಲುಗಾಡಿ ಅವನಿಗೇ ಹೆಚ್ಚು ಗಾಯ ಆಗುತ್ತಿತ್ತು. ಹಾಗೆ ಕಲಿತದ್ದರಿಂದಲೇ ಅಣ್ಣನ ಕೈ ಇಷ್ಟು ಹಗುರ ಎಂದು ಬೀದಿಯವರು ಹೊಗಳುತ್ತಿದ್ದರು. ನನ್ನ ಮೈಯಿಂದ ಅವನ ಮೈಗೆ ನಾನೇ ದಾಟಿಸಿದೆ ಎಂದು ದೊಡ್ಡವನು ತೀರ್ಮಾನ ಮಾಡಿಬಿಟ್ಟ. ಒಮ್ಮೆ ತೀರ್ಮಾನಕ್ಕೆ ಬಂದನೆಂದರೆ ಅವನನ್ನು ಅಲ್ಲಿಂದ ಎಬ್ಬಿಸುವುದು ಅವನಮ್ಮನಿಂದಲೂ ಆಗುತ್ತಿರಲಿಲ್ಲ.

ಔಷಧಿ ಇತ್ತು. ಅದೇ ಇಲ್ಲಿ ಹೊಟ್ಟೆ ಉರಿಸುವ ಸಂಗತಿ. ಔಷಧಿಯೇ ಇಲ್ಲದ ಕಾಯಿಲೆಯಾದರೆ ಹಣೆಬರಹ ಎಂದು ಹಣೆ ಒರೆಸಿಕೊಳ್ಳಬಹುದು. ಇದಕ್ಕೆ ದಿನಕ್ಕೊಂದು ಮಾತ್ರೆ, ಹೆಚ್ಚಿನವರಿಗೆ ಮೂರು ತಿಂಗಳು, ಲಿವರ್ ಕೆಟ್ಟವರಿಗೆ ಆರು. ನುಂಗಿದವರಲ್ಲಿ ಹೆಚ್ಚುಕಮ್ಮಿ ಎಲ್ಲರಿಗೂ ವಾಸಿ. ಆಸ್ಪತ್ರೆಯಲ್ಲಿ ಪುಕ್ಕಟೆ. ಆದರೆ ಬರುವುದು ಸ್ವಲ್ಪ, ಕಾಯುವವರು ಬಹಳ. ಹಾಗಾಗಿ ಲಿವರ್ ಗಟ್ಟಿಯಾದವರಿಗೆ ಮೊದಲು. "ನಿಮ್ಮ ತಮ್ಮಂದು ಇನ್ನೂ ಮೆತ್ತಗಿದೆ. ಅವರು ಕಾಯಬಹುದು" ಎಂದಳು ಮಾತ್ರೆ ಕೋಣೆಯ ಸಿಸ್ಟರ್. ಒಳ್ಳೆಯ ಹೆಂಗಸು. ಎಷ್ಟು ಕಾಯಬೇಕು ಎಂದು ಕೇಳಿದರೆ, ಸ್ಟಾಕ್ ಬಂದಾಗ ಅಂದಳು.

ಆ ಕೋಣೆಯ ಹೊರಗೆ ಒಂದು ಉದ್ದನೆಯ ಬೆಂಚು. ಕಾಯುವವರ ಬೆನ್ನು ಉಜ್ಜಿ ಉಜ್ಜಿ ಗೋಡೆಯ ಬಣ್ಣ ಒಂದು ಪಟ್ಟಿಯಂತೆ ಎದ್ದುಹೋಗಿತ್ತು. ಅದನ್ನು ನೋಡಿ ದಿನಾ ಬೈಯುತ್ತಿದ್ದವನು ಮನೆಗಳಿಗೆ ಬಣ್ಣ ಬಳಿಯುವ ಕೆಲಸದವನು. ಎಲ್ಲರೂ ಅವನನ್ನು ಬಣ್ಣದವನು ಅನ್ನುತ್ತಿದ್ದರು. ಹಿಂದಿನ ಕಾಲದ ಔಷಧಿಯನ್ನೂ ಕಂಡವನು ಅವನು.

"ಆಗ ಮಾತ್ರೆ ಎಲ್ಲಿತ್ತು? ವಾರಕ್ಕೊಂದು ಇಂಜೆಕ್ಷನ್ನು. ಹಾಕಿಸ್ಕೊಂಡ್ರೆ ಚಳಿಜ್ವರ ಬಂದು ಹಲ್ಲು ಕಟಕಟ. ಕೂದಲು ಗೊಂಚಲು ಗೊಂಚಲು ಉದುರ್ತು. ನಿಮ್ಮ ಕಸುಬಿನವರಿಗೆ ಒಂದು ವರ್ಷ ನನ್ನಿಂದ ಏನೂ ಗಿಟ್ಟಲಿಲ್ಲ ಬಿಡಿ" ಎಂದು ದೊಡ್ಡವನನ್ನು ಚುಡಾಯಿಸುತ್ತಿದ್ದ. ಆಮೇಲೆ ದನಿ ತಗ್ಗಿಸಿ, "ಅದೆಲ್ಲ ಹೋಗ್ಲಿ, ಸುಮ್ಮಸುಮ್ಮನೆ ಅಳು ಬರ್ತಿತ್ತು ಕಣ್ರೀ. ಏಣಿ ಮೇಲೆ ನಿಂತು, ಕೈಲಿ ಬ್ರಷ್ ಹಿಡ್ಕೊಂಡು ಅಳೋದು. ಕೆಳಗೆ ಹಾರಿಬಿಡೋಣ ಅನ್ನಿಸೋದು" ಎನ್ನುತ್ತಿದ್ದ.

"ಅಷ್ಟೆಲ್ಲ ಮಾಡಿ ವಾಸಿ ಆಯ್ತಾ?"

"ಆಗಿದ್ರೆ ನಿಮ್ಮ ಪಕ್ಕದಲ್ಲಿ ಯಾಕೆ ಕೂತಿರ್ತಿದ್ದೆ, ನಿಮ್ಮ ಚಂದ ನೋಡೋಕಾ?"

ಅವನಿಗೂ ಹಿಂದೊಮ್ಮೆ ಕಾಯಬಹುದು ಅಂದಿದ್ದರಂತೆ. ದೊಡ್ಡವನಿಗೆ ಮೊದಲ ಬಾಟಲಿ ಕೈಗೆ ಬಂದ ದಿನ ಬಣ್ಣದವನು ಬೆಂಚಿನ ಮೇಲೆ ಇರಲಿಲ್ಲ. ಸಿಸ್ಟರನ್ನು ಕೇಳಿದ. ರಕ್ತ ವಾಂತಿಯಾಯಿತಂತೆ, ವಾರ್ಡಿಗೆ ತರುವಷ್ಟರಲ್ಲಿ ಮುಗಿದಿತ್ತಂತೆ. ಸಿಸ್ಟರು ಬಾಟಲಿ ಕೊಡುತ್ತಾ, "ಒಂದು ದಿನಾನೂ ತಪ್ಪಿಸಬೇಡಿ. ಅದೊಂದೇ ನಾನು ಹೇಳೋದು" ಎಂದಳು. ದೊಡ್ಡವನು ತಲೆಯಾಡಿಸಿದ. ಆ ಹೊತ್ತಿಗೆ ಅವನ ಕಿವಿಯಲ್ಲಿ ಕಾಯಬಹುದು ಎಂಬ ಮಾತಿಗೆ ಬೇರೆಯೇ ಅರ್ಥ ಬಂದಿತ್ತು.

ಮರುದಿನ ಬೆಳಿಗ್ಗೆ ಅಂಗಡಿಯ ಒಳಗೆ ಬಂದವನೇ ಷಟರನ್ನು ಮತ್ತೆ ಸೊಂಟದ ತನಕ ಎಳೆದ. ಕನ್ನಡಿಯ ಕೆಳಗಿನ ಗಾಜಿನ ಹಲಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಬಟ್ಟೆಯಲ್ಲಿ ಒರೆಸಿ, ಒಂದು ಮಾತ್ರೆ ಇಟ್ಟ. ಹೊಸ ಬ್ಲೇಡಿನ ಕಾಗದ ಬಿಚ್ಚಿದ. ಮಾತ್ರೆಗೆ ನುಣುಪಾದ ಮೇಲ್ಪದರ, ಬೆರಳು ಜಾರುವಂಥದ್ದು. ಆದರೂ ಆ ಕೈ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ, ಒಂದು ಚೂರು ಪುಡಿ ಉದುರದಂತೆ ಅದನ್ನು ಸರಿಯಾಗಿ ಎರಡು ಮಾಡಿತು. ತಮ್ಮ ಪೊರಕೆ ಹಿಡಿದು ನೋಡುತ್ತಾ ನಿಂತಿದ್ದ.

"ಇದೇನಣ್ಣ, ಬಿಸ್ಕತ್ತಾ ಹಂಚ್ಕೊಳ್ಳೋಕೆ?"

"ಬಾಯಿ ತೆಗಿ."

"ನನ್ನ ಸರದಿ ಬಂದಾಗ ನನಗೂ ಕೊಡ್ತಾರೆ."

"ಬಣ್ಣದವನಿಗೆ ಕೊಟ್ರಾ?"

ತಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿದ. "ನಿನ್ನ ಹೊಟ್ಟೆ ನೋಡ್ಕೋ ಮೊದಲು. ನನಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ. ನೀನು ಪೂರ್ತಿ ತಗೋ."

"ನಿನಗೆ ಕೊಟ್ಟವನು ನಾನು ಕಣೋ."

"ಡಾಕ್ಟ್ರು ಹಾಗಂದಿಲ್ಲ."

"ಡಾಕ್ಟ್ರು ಮಾವನ ಅಂಗಡೀಲಿ ಇದ್ರೇನೋ? ನಾನಿದ್ದೆ. ಜ್ವರದ ಮಾತ್ರೆ ಅರ್ಧ ನುಂಗಿದ್ರೂ ಜ್ವರ ಇಳಿಯಲ್ವಾ? ಇಬ್ಬರಿಗೂ ಆರು ತಿಂಗಳು ಬರುತ್ತೆ. ನಿಧಾನವಾಗಿ ವಾಸಿಯಾಗುತ್ತೆ. ಅವಸರ ಏನಿದೆ ನಮಗೆ?"

ತಮ್ಮ ಏನೋ ತಮಾಷೆ ಹೇಳಲು ಹೊರಟ, ಅಣ್ಣನ ಮುಖ ನೋಡಿ ನಿಲ್ಲಿಸಿದ. ಅಣ್ಣನ ಕಣ್ಣಲ್ಲಿ ನೀರಿತ್ತು. "ನೀನು ನುಂಗೋವರೆಗೂ ನಾನು ನುಂಗಲ್ಲ. ಎರಡೂ ಇಲ್ಲೇ ಬಿದ್ದಿರ್ಲಿ" ಎಂದು ದೊಡ್ಡವನು ಕುರ್ಚಿಯಲ್ಲಿ ಕೂತುಬಿಟ್ಟ. ಹೊರಗೆ ಗಿರಾಕಿಯೊಬ್ಬ ಷಟರು ಬಡಿದ. ತಮ್ಮ ಅರ್ಧ ಮಾತ್ರೆ ಬಾಯಿಗೆ ಹಾಕಿಕೊಂಡು, ಕಹಿಗೆ ಮುಖ ಕಿವುಚಿ, ಗಿರಾಕಿಗೆಂದು ಇಟ್ಟಿದ್ದ ನೀರು ಕುಡಿದ. ದೊಡ್ಡವನಿಗೆ ಆ ಕ್ಷಣ ಆದಷ್ಟು ಸಮಾಧಾನ ಬದುಕಿನಲ್ಲಿ ಇನ್ಯಾವಾಗಲೂ ಆಗಿರಲಿಲ್ಲ.

ಅಂದಿನಿಂದ ಅದೇ ಪದ್ಧತಿಯಾಯಿತು. ಮನೆಯಲ್ಲಿ ಕೇಳಿದರೆ, ಮಾತ್ರೆ ಅಂಗಡಿಯಲ್ಲೇ ಇದೆ, ಕೆಲಸ ಶುರು ಮಾಡುವ ಮುಂಚೆ ನುಂಗಿದರೆ ಮರೆಯುವುದಿಲ್ಲ ಎಂದ. ಹೆಂಡತಿ ನಂಬಿದಳು. ಅಣ್ಣತಮ್ಮ ಇಬ್ಬರೂ ಒಂದು ದಿನವೂ ತಪ್ಪಿಸಲಿಲ್ಲ. ತಮ್ಮನಿಗೆ ನೆಗಡಿಯಾಗಿ ಮನೆಯಲ್ಲಿ ಮಲಗಿದಾಗಲೂ ದೊಡ್ಡವನು ಅವನ ಪಾಲನ್ನು ಕಾಗದದಲ್ಲಿ ಸುತ್ತಿ ಜೇಬಲ್ಲಿಟ್ಟು ತಂದ, ಹಿತ್ತಲಿಗೆ ಕರೆದು ನುಂಗಿಸಿದ. ಇಷ್ಟು ನಿಷ್ಠೆಯಿಂದ ಔಷಧಿ ತೆಗೆದುಕೊಂಡ ರೋಗಿಗಳು ಆ ಆಸ್ಪತ್ರೆಯಲ್ಲಿ ಮತ್ತೆ ಸಿಕ್ಕರೋ ಇಲ್ಲವೋ. ಹಂಚಿಕೊಳ್ಳಬೇಡಿ ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ಬೆಳೆದ ಗಂಡಸರಿಬ್ಬರು ಹೀಗೂ ಮಾಡಬಹುದು ಎಂದು ಯಾರ ತಲೆಗೆ ಹೊಳೆಯಬೇಕು?

ನಡುವೆ ಒಂದು ಸಲ ದೊಡ್ಡವನ ರಕ್ತ ತೆಗೆದು ನೋಡಿದರು. ಸಿಸ್ಟರು ಮುಖವರಳಿಸಿ, "ತುಂಬಾ ಕಮ್ಮಿಯಾಗಿದೆ ಕಣ್ರೀ. ಹೀಗೇ ಮುಂದುವರಿಸಿ" ಎಂದಳು. ಆ ರಿಪೋರ್ಟೇ ಅವರ ಮನೆ ಹಾಳು ಮಾಡಿದ್ದು. ಅರ್ಧಕ್ಕೇ ಇಷ್ಟು ಇಳಿದಿದೆ ಎಂದ ಮೇಲೆ ತಾನು ಮಾಡಿದ್ದು ಸರಿ ಎಂದು ದೊಡ್ಡವನ ಎದೆ ಉಬ್ಬಿತು. ಅಂಗಡಿಗೆ ಬಂದು ತಮ್ಮನ ಬೆನ್ನು ತಟ್ಟಿ, "ನನಗೆ ಇಳಿದಿದೆ ಅಂದ್ರೆ ನಿನಗೂ ಇಳಿದಿರುತ್ತೆ. ಲೆಕ್ಕ ಸರಿಯಾಯ್ತಲ್ಲ!" ಎಂದ. ತಮ್ಮ ನಕ್ಕ. ಅವನು ಒಪ್ಪಿ ನಕ್ಕನೋ, ಅಣ್ಣನಿಗಾಗಿ ನಕ್ಕನೋ, ಆಗ ದೊಡ್ಡವನು ನೋಡಲಿಲ್ಲ.

ಅಷ್ಟರಲ್ಲಿ ಬೀದಿಗೆ ಸುದ್ದಿ ತಿಳಿಯಿತು. ಆಸ್ಪತ್ರೆಯ ಬೆಂಚಿನಲ್ಲಿ ಯಾರೋ ಕಂಡರಂತೆ, ಯಾರೋ ಯಾರಿಗೋ ಹೇಳಿದರಂತೆ. ಊರ ಬಾಯಿಗೆ ಬೀಗ ಹಾಕಲಾಗುತ್ತದೆಯೇ? ತಮ್ಮ ಪ್ರತಿ ಗಿರಾಕಿಯ ಎದುರೂ ಹೊಸ ಬ್ಲೇಡಿನ ಕಾಗದವನ್ನು ಜಾದೂಗಾರನ ಹಾಗೆ ಮೇಲೆತ್ತಿ ತೋರಿಸಿ ಬಿಚ್ಚುತ್ತಿದ್ದ. ಅವರು ನಕ್ಕು, ಹೊಗಳಿ, ಬೋಳಿಸಿಕೊಂಡು ಹೋಗಿ, ಮುಂದಿನ ಸಲ ಬರುತ್ತಿರಲಿಲ್ಲ. ಎದುರಿಗೆ ಸಿಕ್ಕರೆ, ಈಗೀಗ ಮನೆಯಲ್ಲೇ ಮಾಡಿಕೊಳ್ಳುತ್ತೇನೆ ಎನ್ನುತ್ತಿದ್ದರು. ಹೇಳುವವರ ಕುತ್ತಿಗೆಯ ಹಿಂಭಾಗದ ಕಟಿಂಗ್ ಬೇರೆ ಅಂಗಡಿಯ ಕೈಯದ್ದೆಂದು ಇಬ್ಬರಿಗೂ ಒಂದೇ ನೋಟಕ್ಕೆ ತಿಳಿಯುತ್ತಿತ್ತು. ಮಧ್ಯಾಹ್ನದ ಹೊತ್ತು ದೊಡ್ಡವನು ತನ್ನ ಕುರ್ಚಿಯಲ್ಲಿ ತಾನೇ ಕೂತು ಕಾಲು ಮೇಲಿಟ್ಟುಕೊಳ್ಳುತ್ತಿದ್ದ.

ಮನೆಯಲ್ಲಿ ತಮ್ಮ ಮಗಳನ್ನು ಎತ್ತಿಕೊಳ್ಳುತ್ತಿರಲಿಲ್ಲ. ಮಗು ಎತ್ತಿಕೊಂಡರೆ ಏನೂ ಆಗುವುದಿಲ್ಲ ಎಂದು ಸಿಸ್ಟರು ಎಷ್ಟೋ ಸಲ ಹೇಳಿದ್ದಳು, ಅತ್ತಿಗೆಯೂ ಬೈದು ನೋಡಿದಳು. "ಕೈತುಂಬ ಬ್ಲೇಡಿನ ಗಾಯ ಅತ್ತಿಗೆ. ವಾಸಿ ಆಗ್ಲಿ, ಆಮೇಲೆ ಕೆಳಗೇ ಇಳಿಸಲ್ಲ, ನೀವೇ ಬೇಡ ಅನ್ನಬೇಕು" ಎನ್ನುತ್ತಿದ್ದ. ಹೆಂಡತಿ ಹಟ ಮಾಡಿ ತೊಡೆಯ ಮೇಲೆ ಮಲಗಿಸಿದರೆ ಎರಡೂ ಕೈ ಮೇಲೆತ್ತಿ ಕೂತುಬಿಡುತ್ತಿದ್ದ. ಮಗು ಅವನ ಅಂಗಿಯ ಗುಂಡಿ ಹಿಡಿದು ಎಳೆಯುತ್ತಿತ್ತು. ದೊಡ್ಡವನು ಇದನ್ನು ನೋಡಿ, ಇನ್ನೇನು ಕೆಲವೇ ದಿನ, ಎಂದು ಮನಸ್ಸಿನಲ್ಲೇ ತಮ್ಮನಿಗೆ ಮಾತು ಕೊಡುತ್ತಿದ್ದ.

ಔಷಧಿ ಮುಗಿದು, ಅದಾಗಿ ಮತ್ತೂ ಕೆಲವು ತಿಂಗಳು ಬಿಟ್ಟು, ಕೊನೆಯ ಪರೀಕ್ಷೆ. ಆ ದಿನ ದೊಡ್ಡವನು ಒಬ್ಬನೇ ಹೋಗಿದ್ದ. ಡಾಕ್ಟರು ರಿಪೋರ್ಟನ್ನು ಎರಡು ಸಲ ನೋಡಿ, ಹೆಸರು ಸರಿ ಇದೆಯೇ ಎಂದು ಮತ್ತೆ ನೋಡಿದರು.

"ವಾಪಸ್ ಬಂದಿದೆ. ಮೊದಲಿದ್ದಷ್ಟೇ ಇದೆ. ಮಾತ್ರೆ ತಪ್ಪಿಸಿದ್ರಾ?"

"ಇಲ್ಲ ಡಾಕ್ಟ್ರೇ. ಒಂದು ದಿನಾನೂ ತಪ್ಪಿಸಿಲ್ಲ."

"ವಾಂತಿ ಏನಾದ್ರೂ? ಬೇರೆ ಯಾವುದಾದ್ರೂ ನಾಟಿ ಔಷಧಿ?"

"ಇಲ್ಲ."

ಡಾಕ್ಟರು ನಿಟ್ಟುಸಿರು ಬಿಟ್ಟರು. "ದಿನ ಬಿಟ್ಟು ದಿನ ತಗೊಂಡ್ರೆ, ಕಮ್ಮಿ ತಗೊಂಡ್ರೆ ಹೀಗಾಗುತ್ತೆ. ಸಾಯೋಷ್ಟು ಪೆಟ್ಟು ಬೀಳಲ್ಲ, ಪೆಟ್ಟು ತಿಂದು ವೈರಸ್ ಪಳಗಿಬಿಡುತ್ತೆ. ಆಮೇಲೆ ಅದೇ ಮಾತ್ರೆ ಕೊಟ್ರೆ ನೀರು ಕುಡಿದ ಹಾಗೆ. ನೀವು ತಪ್ಪಿಸಿಲ್ಲ ಅಂತೀರಿ... ಕೆಲವರಿಗೆ ಹೀಗೂ ಆಗುತ್ತೆ." ಎರಡನೇ ಬಾರಿಗೆ ಕೊಡುವ ಬೇರೆ ಮಾತ್ರೆ ಒಂದಿದೆ, ಅದು ಈ ಆಸ್ಪತ್ರೆಗೆ ಬರುವುದಿಲ್ಲ, ಬಂದರೂ ನೀರು ತುಂಬಿದ ಈ ಹೊಟ್ಟೆಗೆ ಅದನ್ನು ಕೊಡಲು ಭಯ ಎಂದರು. ನೀರು ಕಮ್ಮಿಯಾಗುವ ಮಾತ್ರೆ ಬರೆದುಕೊಟ್ಟರು, ಉಪ್ಪು ಬಿಡಿ ಎಂದರು. ಮನೆಯವರನ್ನು ಒಮ್ಮೆ ಕರೆದುಕೊಂಡು ಬನ್ನಿ, ಮಾತಾಡಬೇಕು ಎಂದರು. ಅದರ ಅರ್ಥ ಅವನಿಗೆ ಗೊತ್ತಾಯಿತು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಪಡಸಾಲೆಯ ಗೋಡೆ ಹಿಡಿದುಕೊಂಡು ಬರುತ್ತಿದ್ದಾಗ ಸಿಸ್ಟರು ಮಾತ್ರೆ ಕೋಣೆಯಿಂದ ಕೂಗಿದಳು. ಅವಳಿಗೆ ಇನ್ನೂ ವಿಷಯ ಗೊತ್ತಿರಲಿಲ್ಲ. "ರೀ, ಒಳ್ಳೆ ಸುದ್ದಿ! ಲೋಡುಗಟ್ಟಲೆ ಸ್ಟಾಕ್ ಬಂದಿದೆ. ಇನ್ನು ಯಾರೂ ಕಾಯೋ ಹಾಗಿಲ್ಲ, ಎಲ್ಲರಿಗೂ ಕೊಡ್ತಿದ್ದೀವಿ. ನಿಮ್ಮ ತಮ್ಮನ್ನ ಕಳಿಸಿ. ಅವರಂಥ ಕೇಸು ಸುಲಭ, ಮೂರು ತಿಂಗಳಲ್ಲಿ ಎಲ್ಲರೂ ಕ್ಲೀನಾಗಿ ಹೋಗ್ತಿದ್ದಾರೆ."

ದೊಡ್ಡವನು ಬೆಂಚಿನ ಮೇಲೆ ಕೂತ. ತಾನು ಸಾಯುತ್ತೇನೆ ಎಂಬುದು ಆಗ ಅವನಿಗೆ ಲೆಕ್ಕಕ್ಕೇ ಬರಲಿಲ್ಲ. ತಾಳಿದವನು ಬಾಳಿಯಾನು ಎಂದು ಚಿಕ್ಕಂದಿನಿಂದ ಕೇಳಿದ ಮಾತು. ತಮ್ಮ ತಾಳಿಕೊಂಡಿದ್ದ, ತಾಳದವನು ತಾನು. ಕೈಕಟ್ಟಿ ಸುಮ್ಮನೆ ಕೂತಿದ್ದರೆ ಸಾಕಿತ್ತು.

ಅಂಗಡಿಗೆ ಬಂದು ಡಾಕ್ಟರು ಹೇಳಿದ್ದನ್ನೆಲ್ಲ ತಮ್ಮನಿಗೆ ಹೇಳಿದ. ತಮ್ಮ ಬಾಚಣಿಗೆಗಳನ್ನು ಔಷಧಿ ನೀರಿಗೆ ಹಾಕುತ್ತಾ ಕೇಳಿಸಿಕೊಂಡ. ಕೊನೆಯ ಬಾಚಣಿಗೆಯನ್ನೂ ಮುಳುಗಿಸಿದ. ಆಮೇಲೆ, "ನಿನ್ನದು ಗಟ್ಟಿ ಲಿವರು, ಅದಕ್ಕೆ ಅರ್ಧ ಸಾಕಾಗಲಿಲ್ಲ. ನಂದು ಮೆತ್ತಗಿದೆಯಲ್ಲ, ನನಗೆ ಅರ್ಧವೇ ಸಾಕಾಗಿರ್ಬೋದು. ಯಾರಿಗೆ ಗೊತ್ತು?" ಎಂದ. ಆ ಮಾತಿಗೆ ಇಬ್ಬರೂ ಜೋತುಬಿದ್ದರು. ದೊಡ್ಡವನು ಆ ವಾರವೆಲ್ಲ ತನಗಾಗಿ ಏನನ್ನೂ ಬೇಡಿಕೊಳ್ಳಲಿಲ್ಲ.

ತಮ್ಮನ ರಕ್ತ ತೆಗೆದರು. ವೈರಸ್ ಇತ್ತು, ಬೇಕಾದಷ್ಟಿತ್ತು. "ಇದ್ದೇ ಇರುತ್ತೆ ಬಿಡಿ, ಔಷಧಿ ಕಂಡಿಲ್ಲವಲ್ಲ ಇನ್ನೂ. ಅದಕ್ಯಾಕೆ ಮುಖ ಹಾಗೆ ಮಾಡ್ಕೊಂಡಿದ್ದೀರಿ?" ಎಂದು ಸಿಸ್ಟರು ತಮ್ಮನನ್ನೇ ಸಮಾಧಾನ ಮಾಡಿದಳು. ಸೀಲು ಒಡೆಯದ ಬಾಟಲಿಯನ್ನು ಕಪಾಟಿನಿಂದ ತೆಗೆದು ಕೌಂಟರಿನ ಮೇಲಿಟ್ಟಳು. ತಮ್ಮ ಕೈ ಚಾಚಿದ. ದೊಡ್ಡವನು ಅವನ ಹಿಂದೆ, ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ.

"ಎಲ್ಲರಿಗೂ ಕೇಳೋ ಪ್ರಶ್ನೆ, ಕೇಳಲೇಬೇಕು. ಮುಂಚೆ ಯಾವಾಗಲಾದ್ರೂ ಈ ಮಾತ್ರೆ ತಗೊಂಡಿದ್ದೀರಾ?"

"ಇಲ್ಲ" ಎಂದ ತಮ್ಮ. ಕಣ್ಣು ಮಿಟುಕಿಸಲಿಲ್ಲ, ಹಿಂದೆ ತಿರುಗಲಿಲ್ಲ. ಬಾಟಲಿಯ ಮೇಲೆ ಅವನ ಬೆರಳು ಮಡಚಿಕೊಂಡಿತ್ತು.

ದೊಡ್ಡವನು ಸುಮ್ಮನಿರಬಹುದಿತ್ತು. ಇಷ್ಟು ದಿನ ಹೆಂಡತಿಯ ಎದುರು ಸುಮ್ಮನಿದ್ದವನು, ಡಾಕ್ಟರ ಎದುರು ಸುಮ್ಮನಿದ್ದವನು. ಆದರೆ ಆ ಬಾಟಲಿ ನೀರಿಗೆ ಸಮ ಎಂದು ಅವನಿಗೆ ಗೊತ್ತಿತ್ತು. ಅದೇ ಬಾಟಲಿಗೆ ಬೆಂಚಿನ ಮೇಲೆ ಸರದಿ ಕಾದು ಕೂತವರೂ ಗೊತ್ತಿದ್ದರು. ಅದಕ್ಕಿಂತ ಹೆಚ್ಚಾಗಿ, ನಿಜ ಹೇಳಬೇಕೆಂದರೆ, ಆ ಗುಟ್ಟನ್ನು ಹೊತ್ತು ಹೊತ್ತು ಅವನಿಗೆ ಸಾಕಾಗಿತ್ತು. ಸತ್ಯ ಹೇಳುವವರೆಲ್ಲ ಕೇಳುವವರಿಗಾಗಿಯೇ ಹೇಳುತ್ತಾರೆ ಎಂದು ನಂಬುವಷ್ಟು ನಾವು ಮುಗ್ಧರಲ್ಲ.

"ತಗೊಂಡಿದ್ದಾನೆ ಸಿಸ್ಟರ್" ಎಂದ. "ದಿನಕ್ಕೆ ಅರ್ಧ. ನಂದರಲ್ಲಿ. ನಾನೇ ಕೊಟ್ಟೆ."

ಸಿಸ್ಟರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಸ್ಟೂಲಿನ ಮೇಲೆ ಕೂತಳು. "ಆರು ತಿಂಗಳೂನಾ?" ಎಂದಳು. "ಅಯ್ಯೋ, ಏನ್ರೀ ಇದು? ಪೂರ್ತಿ ನೀವು ತಗೊಂಡಿದ್ರೆ ನಿಮಗೂ ಒಂದು ದಾರಿ ಇತ್ತು. ಇವರಂತೂ... ಇವರು ಸುಮ್ಮನೆ ಕಾದಿದ್ರೆ ಇವತ್ತು..." ಮಾತು ಮುಗಿಸದೆ ಎದ್ದು ಡಾಕ್ಟರ ಕೋಣೆಗೆ ಹೋದಳು. ಇಬ್ಬರೂ ಕೌಂಟರಿನ ಮುಂದೆ ನಿಂತಿದ್ದರು. ತಮ್ಮ ಬಾಟಲಿಯ ಮೇಲಿಂದ ಕೈ ತೆಗೆದಿರಲಿಲ್ಲ. ಅವಳು ತಿರುಗಿ ಬಂದು, ಅವನ ಮುಖ ನೋಡದೆ, ಬಾಟಲಿಯನ್ನು ಮೆಲ್ಲಗೆ ಎಳೆದುಕೊಂಡಳು. "ಒಮ್ಮೆ ತಗೊಂಡವರಿಗೆ ಇದನ್ನ ಕೊಡೋ ಹಾಗಿಲ್ಲ. ಆ ಎರಡನೇ ಮಾತ್ರೆಗೆ ಹೆಸರು ಬರ್ಕೋತೀನಿ. ಬಂದ್ರೆ ಹೇಳಿ ಕಳಿಸ್ತೀನಿ." ಬಂದರೆ ಎನ್ನುವಾಗ ಅವಳ ದನಿ ಕುಗ್ಗಿತು. ಬೆಂಚಿನಿಂದ ಒಬ್ಬ ಹೆಂಗಸನ್ನು ಕರೆದಳು. ಆ ಹೆಂಗಸು ಬಂದು ಕೈ ಒಡ್ಡಿದಳು, ಬಾಟಲಿ ಅವಳ ಚೀಲಕ್ಕೆ ಹೋಯಿತು.

ತಮ್ಮ ಮುಂದೆ ಮುಂದೆ ನಡೆದು ಆಸ್ಪತ್ರೆಯ ಗೇಟು ದಾಟಿದ. ಬಸ್ ನಿಲ್ದಾಣಕ್ಕೆ ಬಂದ ಮೇಲೆ ಕೇಳಿದ.

"ಯಾಕೆ ಹೇಳ್ದೆ?"

"ಅದು ನಿನಗೆ ಹತ್ತಲ್ವೋ. ಡಾಕ್ಟ್ರು ಹೇಳಿದ್ದನ್ನ ನಿನಗೆ ಹೇಳಿರಲಿಲ್ವಾ?"

"ನನಗೂ ಗೊತ್ತಿತ್ತು ಹತ್ತಲ್ಲ ಅಂತ. ಕಿವಿ ಇಲ್ವಾ ನನಗೆ?" ತಮ್ಮನ ದನಿ ಏರಿತು, ನಿಲ್ದಾಣದಲ್ಲಿದ್ದವರು ತಿರುಗಿ ನೋಡಿದರು. "ಹತ್ತದೆ ಇರ್ಲಿ. ಮೂರು ತಿಂಗಳು ಮನೇಲಿ ಎಲ್ಲರ ಮುಂದೆ ಪೂರ್ತಿ ಮಾತ್ರೆ ನುಂಗ್ತಿದ್ದೆ. ಇವಳು ನೀರು ತಂದ್ಕೊಡ್ತಿದ್ಲು. ಇನ್ನೆಷ್ಟು ದಿನ ಅಂತ ಎಣಿಸ್ತಿದ್ಲು, ನಾನೂ ಜತೆಗೆ ಎಣಿಸ್ತಿದ್ದೆ. ಮಗಳನ್ನ ಎತ್ಕೋತಿದ್ದೆ. ಅಷ್ಟೂ ಬೇಡ್ವಾ ನನಗೆ?"

"ಬೇರೆಯವರಿಗೆ ಸಿಗಬೇಕಾದ ಔಷಧಿ ಕಣೋ ಅದು..."

"ನನ್ನ ಬಾಯಿಗೆ ತುರುಕುವಾಗ ಬೇರೆಯವರ ನೆನಪು ಬಂತಾ?"

ದೊಡ್ಡವನು ನಿಲ್ದಾಣದ ಕಂಬ ಹಿಡಿದುಕೊಂಡ. ತಮ್ಮ ತನ್ನ ಎದುರು ಹೀಗೆ ನಿಂತು ಮಾತಾಡಿದ್ದು ಇದೇ ಮೊದಲು. ಮುಖ ಕೆಂಪಾಗಿತ್ತು. ಒಂದು ತಮಾಷೆ ಹೇಳಿ ಇದನ್ನು ಇಲ್ಲಿಗೇ ಮುಗಿಸಿಬಿಡಲಿ ಎಂದು ದೊಡ್ಡವನು ಕಾದ. ತಮ್ಮ ಅಂಗೈಯಿಂದ ಕಣ್ಣೊರೆಸಿಕೊಂಡ.

"ಅವತ್ತೂ ನನ್ನ ಕೇಳಲಿಲ್ಲ ನೀನು" ಎಂದ. "ಇವತ್ತೂ ಕೇಳಲಿಲ್ಲ."

ಬಸ್ಸು ಬಂತು. ತಮ್ಮ ಜನರ ನಡುವೆ ನುಗ್ಗಿ ಹತ್ತಿಬಿಟ್ಟ. ದೊಡ್ಡವನು ಕಂಬಿ ಹಿಡಿದು, ಊದಿದ ಕಾಲನ್ನು ಮೆಟ್ಟಿಲಿಗೆ ಎತ್ತಲು ನೋಡಿದ, ಆಗಲಿಲ್ಲ. ಹಿಂದಿನವರು ಬೇಗ ಬೇಗ ಎಂದರು. ಮೇಲಿನಿಂದ ತಮ್ಮನ ಕೈ ಬಂತು. ರಟ್ಟೆ ಹಿಡಿದು ಎಳೆದು ಒಳಗೆ ತಂದು, ಖಾಲಿ ಇದ್ದ ಸೀಟಿನಲ್ಲಿ ಕೂರಿಸಿ, ಮುಖ ನೋಡದೆ ಮುಂದಕ್ಕೆ ಹೋದ. ಪಕ್ಕದ ಸೀಟೂ ಖಾಲಿಯಿತ್ತು. ತಮ್ಮ ಡ್ರೈವರನ ಹಿಂದೆ ಸರಳು ಹಿಡಿದು, ಇಳಿಯುವ ತನಕ ನಿಂತೇ ಇದ್ದ.